ಮೇಸ್ತ್ರಿಯ ಅನ್ನಕ್ಕೆ ಮುಂಚೆ

ಕಳೆದ ಅಮಾವಾಸ್ಯೆಯಂದು ಮುತ್ಯಾಲಮ್ಮ ತೀರಿಹೋದಳು. ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ನಾನು ಟಿಕೆಟ್ ಕಲೆಕ್ಟರಾಗಿದ್ದಷ್ಟು ಕಾಲವೂ ಆಕೆ ಗೇಟಿನ ಹೊರಗೆ ರಾಗಿ ಅಂಬಲಿ ಮಾರುತ್ತಿದ್ದಳು. ಗೇಟು ದಾಟುವಾಗ ಈಗಲೂ ಎಡಕ್ಕೆ ತಿರುಗಿ ನೋಡುತ್ತೇನೆ. ಯಾರೋ ಬೀಡಿ ಅಂಗಡಿ ಹಾಕಿದ್ದಾರೆ.

ತವರು ಕ್ಯಾಸಂಬಳ್ಳಿ. ಗಂಡ ಮುನಿಶಾಮಿ ಚಿನ್ನದ ಗಣಿಯೊಳಗೆ ಬಂಡೆ ಕುಸಿದು ಸತ್ತಿದ್ದ. ಆಕೆಗೆ ಅಕ್ಷರ ಬಾರದು. ಬೈಗುಳ ಮಾತ್ರ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬರುತ್ತಿತ್ತು. ಸಂಜೆ ನಾನು ಪತ್ರಿಕೆ ಓದಿ ಹೇಳುತ್ತಿದ್ದೆ; ಅದಕ್ಕೇ ನನ್ನನ್ನು ಪುಸ್ತಕದಯ್ಯ ಎಂದು ಕರೆಯುತ್ತಿದ್ದಳು. ವಿಲಾಯಿತಿಯ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರ ಎಂದು ಓದಿದಾಗ ಆಕೆಗೆ ಅಚ್ಚರಿ.

“ಬಿಳೀ ಜನಾನೂ ಗಣಿಗೆ ಇಳೀತಾರಾ ಪುಸ್ತಕದಯ್ಯಾ? ಇಲ್ಲಿ ಅವ್ರು ಟೋಪಿ ಆಕ್ಕೊಂಡು ಬೈಯೋದಷ್ಟೇ ನಾ ನೋಡಿರೋದು.”

“ಇಳೀತಾರೆ. ಅವರ ಹೆಂಗಸರು ಒಟ್ಟಿಗೆ ಒಲೆ ಹೂಡಿ ಎಲ್ಲರಿಗೂ ಗಂಜಿ ಕಾಯಿಸ್ತಿದ್ದಾರಂತೆ.”

“ಅಂಗಾದ್ರೆ ಅವ್ರೂ ನಮ್ಮೋರೇ ಬುಡು.”

ಕೆಲವು ವರ್ಷಗಳ ಮೇಲೆ ನಮ್ಮ ಗಣಿಗಳಲ್ಲೂ ಮುಷ್ಕರವಾಯಿತು. ಕೂಲಿಗಳೆಲ್ಲ ಕಳ್ಳರ ಹಾಗೆ ಬೆರಳಿನ ಗುರುತು ಒತ್ತಬೇಕೆಂಬ ಹುಕುಮಿನ ವಿರುದ್ಧ. ಸುತ್ತಿನ ಹಳ್ಳಿಯ ರೈತರು ಮುಷ್ಕರದವರಿಗೆ ಕೊಟ್ಟ ರಾಗಿ ಮುತ್ಯಾಲಮ್ಮನ ಮನೆಗೆ ಬಂದು ಬೀಳುತ್ತಿತ್ತು. ಗಣಿ ಕೂಲಿಗಳ ಸಾಲುಮನೆಗಳಿಂದ, ಅಂದರೆ ಲೈನುಗಳಿಂದ, ಹೆಂಗಸರು ಬಂದು ಒಯ್ಯುತ್ತಿದ್ದರು.

ಒಂದು ಬೆಳಿಗ್ಗೆ ಸ್ಟೇಷನ್ನಿನ ಹುಣಸೆ ಮರದಡಿ, ಗಣಿಗೆ ಆಳು ತರುವ ಮೇಸ್ತ್ರಿಯ ಕಡೆಯವರು ಅನ್ನಕ್ಕೆ ಹಂಡೆ ಏರಿಸಿದರು. ಅದನ್ನು ನೋಡಿಯೇ ನಮಗೆ ತಿಳಿಯಿತು: ಕುಪ್ಪದ ಕಡೆಯಿಂದ ಹೊಸ ಆಳುಗಳು ಬರುತ್ತಿದ್ದಾರೆ. ರೈಲಿಳಿದ ಕೂಡಲೇ ಮೇಸ್ತ್ರಿ ಎಲೆ ಹಾಕಿ ಬಡಿಸುವುದು ಇಲ್ಲಿನ ವಾಡಿಕೆ. ಆ ಮೊದಲ ಊಟ ಉಂಡವನು ಮೇಸ್ತ್ರಿಯ ಆಳು; ಬೇರೆ ಕಾಗದ ಬೇಕಿರಲಿಲ್ಲ. ಅವರು ಗಣಿಗೆ ಇಳಿದರೆ ಮುಷ್ಕರ ಮುರಿದ ಹಾಗೆ.

ಕೂಲಿಗಳ ಸಂಘದ ಕೆಲವರು ಕಲ್ಲು ಆರಿಸತೊಡಗಿದರು.

“ತಲೆ ಒಡೆದ್ರೆ ಪೋಲೀಸ್ನೋರಿಗೆ ಅಬ್ಬ ಕಣ್ರಲಾ,” ಅಂದಳು ಮುತ್ಯಾಲಮ್ಮ. “ಅವ್ರ ಒಟ್ಟೆ ನೋಡಾನ ಮೊದ್ಲು.”

ಇದ್ದ ರಾಗಿಯನ್ನೆಲ್ಲ ಅಂಬಲಿಗೆ ಸುರಿದಳು. ರಾಗಿ ಒಯ್ಯಲು ಬಂದಿದ್ದ ಪಾಪಕ್ಕ ಕೂಗಾಡಿದಳು: “ನಮ್ ಮಕ್ಳ ರಾಗೀನ ಇವ್ರಿಗೆ ಉಯ್ತೀಯಾ? ಬುದ್ಧಿ ಕೆಟ್ಟೈತಾ ಅಕ್ಕಾ?”

“ಇವ್ರು ಮೇಸ್ತ್ರಿ ಅನ್ನ ತಿಂದ್ರೆ ನಿನ್ ಗಂಡ ಬೆರಳು ಒತ್ತಬೇಕು ಕಣಮ್ಮೀ. ಬಾ, ಸೌಟು ಇಡ್ಕೊ.”

ರೈಲು ಬಂತು. ಎಲುಬು ಕಾಣುವ ಜನ. ಮುತ್ಯಾಲಮ್ಮ ಗೇಟಿನಲ್ಲೇ ನಿಂತು, ಬನ್ನಿ ಅಪ್ಪಾ, ಮೊದಲು ತಿನ್ನಿ ಎಂದು ತೆಲುಗಿನಲ್ಲಿ ಕರೆದಳು: “ರಂಡಿ ನಾಯನಾ, ಮುಂದು ತಿನಂಡಿ!” ಈರುಳ್ಳಿ ಕಚ್ಚಿಕೊಂಡು ಅವರು ಕುಡಿದರು. ಬೋಗುಣಿ ಕೆಳಗಿಟ್ಟ ಮೇಲೆ ಹೇಳಿದಳು: ಇದು ಮುಷ್ಕರದವರ ರಾಗಿ, ನಿಮ್ಮನ್ನು ತಂದಿರುವುದು ಅವರ ಕೆಲಸಕ್ಕೆ, ಇನ್ನು ನಿಮ್ಮಿಷ್ಟ.

ಹುಣಸೆ ಮರದಿಂದ ಮೇಸ್ತ್ರಿ ಓಡಿ ಬಂದ. “ಎಲೆ ಆಕೈತೆ, ಬನ್ರೋ!”

ಚಿಕ್ಕವೆಂಕಟಪ್ಪ ಎಂಬ ಆಳು ಮೀಸೆ ಒರೆಸಿಕೊಂಡ. “ನಮ್ದು ಊಟ ಆಯ್ತು ಮೇಸ್ತ್ರೀ.”

ಮೇಸ್ತ್ರಿ ಆಕೆಯತ್ತ ತಿರುಗಿದ. “ಏ ಅಂಬಲಿ ಮುದುಕೀ, ರೈಲ್ ಚಾರ್ಜು ಕೊಟ್ಟೋನು ನಾನು!”

“ನೀನು ರೈಲಿಗೆ ಕೊಟ್ಟೆ, ನಾನು ಒಟ್ಟೆಗೆ ಕೊಟ್ಟೆ. ರೈಲು ಓಯ್ತಲ್ಲಪ್ಪಾ!”

ಕೆಲವರು ಎಲೆಯ ಮುಂದೆ ಕೂತರು, ಸುಳ್ಳು ಹೇಳಲಾರೆ. ಹೆಚ್ಚಿನವರು ಹಳಿ ಹಿಡಿದು ತಮ್ಮ ಊರ ಕಡೆ ನಡೆದರು. ಆವತ್ತು ರಾಗಿಯಿಲ್ಲದೆ ಲೈನುಗಳಲ್ಲಿ ಒಲೆ ಹೊತ್ತಲಿಲ್ಲ. ಪಾಪಕ್ಕ ಮುತ್ಯಾಲಮ್ಮನ ಜೊತೆ ಮಾತು ಬಿಟ್ಟಳು. ಹುಕುಮು ಹಿಂದಕ್ಕೆ ಹೋದ ದಿನ ತಾನೇ ಬಂದು ಮುತ್ಯಾಲಮ್ಮನ ಬಾಯಿಗೆ ಬೆಲ್ಲ ತುರುಕಿದಳು.

ಮುಷ್ಕರ ಮುಗಿದ ಮೇಲೆ ಚಿಕ್ಕವೆಂಕಟಪ್ಪ ಇಲ್ಲಿನದೇ ಗಣಿಯಾದ ಮೈಸೂರು ಮೈನ್ಸಿಗೆ ಕೆಲಸಕ್ಕೆ ಬಂದ, ಸಂಘಕ್ಕೂ ಸೇರಿದ. ಮುತ್ಯಾಲಮ್ಮನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೇ ಮುಂದಿದ್ದ. ದಾರಿಯಲ್ಲಿ ಯಾರೋ, ಈಕೆ ನಿನಗೇನಾಗಬೇಕು ಎಂದು ಕೇಳಿದರು.

“ಈ ಊರಾಗೆ ನಾನು ಮೊದ್ಲು ಉಂಡಿದ್ದು ಇವ್ರ ಕೈಲಿ,” ಅಂದ. ಹೆಗಲು ಬದಲಿಸಲು ಬಂದವರಿಗೆ ಬಿಟ್ಟುಕೊಡಲಿಲ್ಲ.