ಎಲ್ಲರಿಗೂ ನೂರಿಪ್ಪತ್ತು–ಎಂಬತ್ತು

ಮಾರುವವನು ತಾನಾಗಿ ಕೈಗಿಟ್ಟ ತೆಂಗಿನಕಾಯಿಯನ್ನು ನಾನು ಬಡಿದು ನೋಡುವುದಿಲ್ಲ. ರಾಶಿಯ ಬುಡಕ್ಕೆ ಕೈ ಹಾಕಿ ಅಡಿಯದೊಂದನ್ನು ಎಳೆಯುತ್ತೇನೆ. ಹಿರಿಯೂರಿನ ಮಂಡಿಯಲ್ಲಿ ಹಮಾಲಿ ಮಾಡುತ್ತ ಕಲಿತ ಈ ದುರಭ್ಯಾಸವೇ ಮುಂದೆ ಸ್ವಂತ ವ್ಯಾಪಾರಕ್ಕೆ ಬಂಡವಾಳವಾಯಿತು. ಈಗ ನೆಂಟರ ಮನೆಯಲ್ಲೂ ಮೇಲಿನ ಹೋಳಿಗೆ ಬಿಟ್ಟು ಕೆಳಗಿನದಕ್ಕೆ ಕೈ ಹೋಗುವಷ್ಟು ರಕ್ತಗತವಾಗಿದೆ. ಆದ್ದರಿಂದ ಗೆಳೆಯರೇ, ಸರ್ಕಾರಿ ಆಸ್ಪತ್ರೆಯೊಂದು ಬೆಳಗ್ಗೆಯೇ ಘಮ್ಮೆಂದು ಫಿನಾಯಿಲ್ ವಾಸನೆ ಬೀರುತ್ತಿದ್ದರೆ ನನಗೆ ಸಮಾಧಾನವಾಗುವುದಿಲ್ಲ, ಅನುಮಾನ ಹುಟ್ಟುತ್ತದೆ.

ಊರಿನ ಹೆಸರು ಬೇಡ, ಹೊಸದುರ್ಗದ ಕಡೆಯ ಒಂದು ಸಣ್ಣ ಆಸ್ಪತ್ರೆ. ನನ್ನ ತಂಗಿಯ ಮಗಳು ರತ್ನ ಎಂಟು ತಿಂಗಳ ಬಸುರಿ; ಅವಳ ಗಂಡ ಕುರಿಹಿಂಡಿನೊಂದಿಗೆ ದೂರ ಹೋಗಿದ್ದರಿಂದ ತಾಯಿ ಮಗಳಿಬ್ಬರನ್ನೂ ನಾನೇ ಕರೆತಂದಿದ್ದೆ. ರತ್ನಳ ಪಾದಗಳು ಚಪ್ಪಲಿ ಹಿಡಿಯದಷ್ಟು ಊದಿದ್ದವು. ಬಸುರಿಯರಿಗೆ ಅದು ಇದ್ದದ್ದೇ ಎಂದು ತಂಗಿ ಅಂದಳು, ತಾಯಿ ಕಾರ್ಡೂ ಅವಳ ಮಾತಿಗೆ ಸಾಕ್ಷಿ ಹೇಳಿತು: ಬಿ.ಪಿ. ನೂರಿಪ್ಪತ್ತು–ಎಂಬತ್ತು.

ಅಂದು ಆಡಿಟ್ ಅಂತೆ. ಆಡಿಟ್ ಎಂದರೆ ದುಡ್ಡಿನದು ಎಂದುಕೊಂಡಿದ್ದವನಿಗೆ, ಆಸ್ಪತ್ರೆಯ ಸೇವೆಯನ್ನೂ ಹಾಗೆ ಒರೆಗೆ ಹಚ್ಚುತ್ತಾರೆಂದು ತಿಳಿದದ್ದು ಅಲ್ಲಿಯೇ. ಚಿತ್ರದುರ್ಗದಿಂದ ಬಂದಿದ್ದ ಡಾಕ್ಟರ್ ಮೇಡಂ ಒಬ್ಬರು ರಿಜಿಸ್ಟರ್ ತಿರುವುತ್ತ ತಮ್ಮ ಪಟ್ಟಿಯಲ್ಲಿ ಒಂದೊಂದೇ ಟಿಕ್ ಹಾಕುತ್ತಿದ್ದರು. ಸುಮ್ಮನೆ ಕೂರಲಾಗದೆ ನಾನು ಬೆಂಚಿನ ಮೇಲಿದ್ದ ಹೆಣ್ಣುಮಕ್ಕಳ ಕಾರ್ಡುಗಳನ್ನು ಕೇಳಿ ನೋಡಿದೆ. ಎಲ್ಲರಿಗೂ ನೂರಿಪ್ಪತ್ತು–ಎಂಬತ್ತು. ಒಂದೇ ಮರದ ಒಂದೇ ಗೊನೆಯಲ್ಲಿ ಎರಡು ಕಾಯಿ ಸರಿಸಮ ತೂಗುವುದಿಲ್ಲ. ನಾಲ್ಕು ಊರಿನ ಬಸುರಿಯರ ರಕ್ತ ಹೀಗೆ ಮಾತಾಡಿಕೊಂಡಂತೆ ಓಡುವುದುಂಟೇ?

ನಾನು ಎದ್ದಾಗ ತಂಗಿ ಅಂಗಿ ಹಿಡಿದೆಳೆದಳು. "ಸುಮ್ನಿರಣ್ಣ. ನಾಳೆ ಹೆರಿಗೆ ಇವರ ಕೈಯಾಗೇ ಆಗ್ಬೇಕು." ಅವಳ ಹೆದರಿಕೆ ಸುಳ್ಳಲ್ಲ, ಆದರೆ ನನಗೆ ಆ ಪಾದಗಳೇ ಕಣ್ಣಿಗೆ ಕಟ್ಟಿದ್ದವು.

ಕಾರ್ಡುಗಳ ಕಂತೆ ಹಿಡಿದು ಹೋದ ನನ್ನನ್ನು ಕಂಡು, ಅವನ್ನು ತುಂಬಿದ್ದ, ನನ್ನ ಗುರುತಿದ್ದ ನರ್ಸಮ್ಮ, "ಏನಣ್ಣ, ಕಾಯಿ ವ್ಯಾಪಾರ ಬಿಟ್ಟು ಕಾರ್ಡಿನ ವ್ಯಾಪಾರಕ್ಕೆ ಇಳಿದ್ರಾ?" ಎಂದರು.

"ಮೇಡಂ," ಎಂದೆ ನಾನು, "ಬುಕ್ಕು ನೋಡಿದ್ದು ಸಾಕು. ಇಲ್ಲಿ ಕುಂತಿರೋರಿಗೆ ನಿಮ್ಮ ಬಿ.ಪಿ. ಮಿಷನ್ನಾಗೆ ನೀವೇ ನೋಡ್ರಿ."

ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ನಾನು ಎಲ್ಲರಿಗೂ ಎಂದೆ, ಅವರು ಒಬ್ಬರಿಗೆ ಎಂದರು; ಕೊನೆಗೆ ಮೂವರಿಗೆ ಕುದುರಿತು. ಮೂರನೆಯವಳು ರತ್ನ. ಮೇಡಂ ಅವಳ ಎಡತೋಳಿಗೆ ಕಟ್ಟಿ ನೋಡಿದರು, ಬಿಚ್ಚಿ ಬಲತೋಳಿಗೆ ಕಟ್ಟಿ ನೋಡಿದರು, ಅಂಕಿ ಹೇಳದೆ ಆಂಬುಲೆನ್ಸ್ ಕರೆಸಿ ಅಂದರು. ಈ ಒತ್ತಡದಲ್ಲಿ ಇನ್ನೆರಡು ದಿನ ಮನೆಯಲ್ಲಿದ್ದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದು ಆಮೇಲೆ ನನ್ನೊಬ್ಬನಿಗೆ ಹೇಳಿದರು.

ನರ್ಸಮ್ಮ ಗೋಡೆಗೆ ಒರಗಿ ನಿಂತಿದ್ದರು. "ಮಿಷನ್ ಕೆಟ್ಟು ಸುಮಾರು ದಿನ ಆತು ಮೇಡಂ, ಬರೆದು ಕಳ್ಸಿದೀನಿ. ಖಾಲಿ ಬಿಟ್ರೆ ಯಾಕೆ ಬಿಟ್ಟೆ ಅಂತಾರೆ. ತುಂಬಿದ್ರೆ ಯಾರೂ ಕೇಳಲ್ಲ."

ಅಂದರೆ ಆಕೆ ಬರೆಯುತ್ತಿದ್ದುದು ಬಸುರಿಯರ ಒತ್ತಡವನ್ನಲ್ಲ, ಮೇಲಿನವರ ಒತ್ತಡವನ್ನು. ಮೇಡಂ ಅದುವರೆಗೆ ಹಾಕಿದ್ದ ಟಿಕ್‌ಗಳನ್ನೆಲ್ಲ ಹೊಡೆದುಹಾಕಿ, ಆ ಮಾತನ್ನು ಇದ್ದದ್ದು ಇದ್ದಂತೆಯೇ ಬರೆದುಕೊಂಡರು. ಅದನ್ನು ಮೇಲೆ ಯಾರಾದರೂ ಓದುತ್ತಾರೆಂಬ ನಂಬಿಕೆ ನನಗೆ ಆಗಲೂ ಇರಲಿಲ್ಲ. ನಿಮಗೆ ನನ್ನದೊಂದೇ ಬುದ್ಧಿಮಾತು: ನಿಮ್ಮವರನ್ನು ಕರೆದೊಯ್ದಾಗ ಕಾರ್ಡನ್ನು ಓದಬೇಡಿ, ತೋಳಿಗೆ ಪಟ್ಟಿ ಕಟ್ಟುವುದನ್ನು ನಿಂತು ನೋಡಿ.

ರತ್ನ ಚಿತ್ರದುರ್ಗದಲ್ಲಿ ಹೆತ್ತಳು. ಅಂಗೈಯಗಲದ ಹೆಣ್ಣು ಕೂಸು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು. ಅದಕ್ಕೆ ಲಸಿಕೆ ಹಾಕಿಸಲು ಹೋದಾಗ, ಆ ಸಣ್ಣ ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆಯೇನೂ ಇರಲಿಲ್ಲ. ನರ್ಸಮ್ಮ ನಾನು ಕೇಳುವ ಮೊದಲೇ ರಿಜಿಸ್ಟರನ್ನು ನನ್ನತ್ತ ತಿರುಗಿಸಿದರು. ನೂರಾಹತ್ತು, ನೂರಾಮೂವತ್ತಾರು, ನೂರಿಪ್ಪತ್ತೆರಡು. ಒಂದಕ್ಕೊಂದು ಹೊಂದದ ಅಂಕಿಗಳು. ಕೊನೆಯ ಸಾಲಿನಲ್ಲಿ ಅಂಕಿಯೇ ಇರಲಿಲ್ಲ: 'ಮಿಷನ್ ಮತ್ತೆ ಕೆಟ್ಟಿದೆ. ಬಸುರಿಯನ್ನು ಹೊಸದುರ್ಗಕ್ಕೆ ಕಳುಹಿಸಿದೆ.'

ಆ ಪುಸ್ತಕದಲ್ಲಿ ನಾನು ಪೂರ್ತಿಯಾಗಿ ನಂಬಿದ್ದು ಅದೊಂದು ಸಾಲನ್ನೇ.