ಅರಿಶಿನ ಸೋಕದ ಬಟ್ಟೆ

ಯುದ್ಧದ ಕಾಲ. ಹಾಸನದಲ್ಲಿ ಆಗ ಮಕ್ಕಳ ಆಸ್ಪತ್ರೆ ಎಂದು ನಾವು ಕರೆಯುತ್ತಿದ್ದದ್ದು ಎರಡು ಹೆಂಚಿನ ಕೋಣೆಗಳನ್ನು. ಮಂಚಕ್ಕಿಂತ ಚಾಪೆಗಳೇ ಹೆಚ್ಚು. ಔಷಧಿ ಇದ್ದ ದಿನ ಹಾಲಿಲ್ಲ, ಹಾಲಿದ್ದ ದಿನ ಬಟ್ಟೆಯಿಲ್ಲ. ನಾವು ಏಳೆಂಟು ಹೆಂಗಸರು ಮನೆಮನೆಗೂ ಹೋಗಿ ಹಳೆಯ ಸೀರೆ ಬೇಡಿ ತಂದು, ಒಗೆದು, ಆ ಮಕ್ಕಳಿಗೆ ಹಾಸಲು ಹೊದಿಸಲು ಕೊಡುತ್ತಿದ್ದೆವು. ನಮ್ಮ ಮುಂದಾಳು ಅರಕಲಗೂಡಿನಿಂದ ಬಂದು ನೆಲೆಸಿದ್ದ ವಕೀಲರ ಹೆಂಡತಿ. ಐವತ್ತು ದಾಟಿದವರು, ಮಕ್ಕಳಿಲ್ಲದವರು. ಮಾತು ಖಡಾಖಂಡಿತ, ನಗು ಅಪರೂಪ. ನನಗೂ ಆಕೆಗೂ ಅಷ್ಟಕ್ಕಷ್ಟೆ.

ಆ ವರ್ಷ ಬಟ್ಟೆಗೆ ಕಂಟ್ರೋಲು ಬಂತು; ಚೀಟಿಯಿಲ್ಲದೆ ಗಜ ಬಟ್ಟೆಯೂ ಸಿಗುತ್ತಿರಲಿಲ್ಲ. ಹಳೆ ಸೀರೆ ಕೊಡಿ ಎಂದರೆ, "ಉಟ್ಟಿರೋದೇ ಹಳೇದು, ಬಿಚ್ಚಿ ಕೊಡ್ಲೇನ್ರೀ?" ಎನ್ನುತ್ತಿದ್ದರು. ಅವರದ್ದೂ ತಪ್ಪಲ್ಲ. ಕೊನೆಗೆ ಚನ್ನರಾಯಪಟ್ಟಣದ ಜವಳಿ ವ್ಯಾಪಾರಿಯೊಬ್ಬರು ದೊಡ್ಡ ಮನಸ್ಸು ಮಾಡಿ ಒಂದು ಥಾನು ಬಿಳಿ ಬಟ್ಟೆ ಕಳಿಸಿದರು. ಹಿಗ್ಗಿಹೋದೆವು. ವಕೀಲರ ಮನೆಯ ಜಗಲಿಯಲ್ಲಿ ಕೂತು ಪುಟ್ಟ ಪುಟ್ಟ ಅಂಗಿ, ಹೊದಿಕೆ ಹೊಲಿದೆವು. ಹೊಸ ಬಟ್ಟೆಯ ಅಂಚಿಗೆ ಅರಿಶಿನ ಸೋಕಿಸದೆ ಮೈಮೇಲೆ ಹಾಕಿಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ? ಒಬ್ಬರು ಅರಿಶಿನದ ಬಟ್ಟಲು ತಂದೂ ಇಟ್ಟರು.

"ಬೇಡ. ಡಾಕ್ಟರು ಬಟ್ಟೆ ಬೆಳ್ಳಗಿರಲಿ ಅಂದಿದಾರೆ," ಎಂದರು ವಕೀಲರ ಹೆಂಡತಿ. ಎದುರಾಡುವ ಗೋಜಿಗೆ ಯಾರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆ ಹಿಡಿದು ಒಳಗೆ ಹೋದೆವು. ಬಾಗಿಲ ಪಕ್ಕದ ಚಾಪೆಯಲ್ಲಿ ಕಟ್ಟಾಯದ ಕಡೆಯ ತಾಯಿಯೊಬ್ಬಳು ಕೂತಿದ್ದಳು. ಎದೆಯಲ್ಲಿ ಕಫ ಕಟ್ಟಿ ಅವಳ ಕೂಸು ಏದುಸಿರು ಬಿಡುತ್ತಿತ್ತು. ನಮ್ಮ ಕೈಯಲ್ಲಿದ್ದ ಬಟ್ಟೆ ನೋಡಿದವಳೇ ಮಗುವನ್ನು ಬಾಚಿ ಎತ್ತಿಕೊಂಡಳು. ಹೊಚ್ಚಹೊಸ ಬಿಳಿ ಬಟ್ಟೆಯನ್ನು ಅರಿಶಿನವಿಲ್ಲದೆ ತರುವುದು ಹೆಣಕ್ಕೆ ಹೊದಿಸಲು ಮಾತ್ರ.

"ನನ್ ಮಗ ಇನ್ನೂ ಉಸ್ರಾಡ್ತಾ ಅದೆ ಕಣ್ರವ್ವಾ! ಈಗ್ಲೇ ಸುತ್ತಾಕೆ ಬಂದ್ಬುಟ್ರಾ?"

ನರ್ಸು ಬರುವಷ್ಟರಲ್ಲಿ ಅವಳು ಬೀದಿಗಿಳಿದಿದ್ದಳು. ಈ ಸ್ಥಿತಿಯಲ್ಲಿ ಊರಿಗೆ ಒಯ್ದರೆ ಮಗು ಊರು ಸೇರುವುದಿಲ್ಲ ಎಂದು ನರ್ಸು ಕೂಗಿದರು. ನಾವು ಸೀರೆ ಎತ್ತಿ ಕಟ್ಟಿ ಓಡಿದೆವು.

ಊರಾಚೆ ಹೊಂಗೆ ಮರದ ಕೆಳಗೆ ಸೋತು ಕೂತಿದ್ದಳು. ಮಗುವಿನ ತುಟಿ ನೀಲಿಗಟ್ಟಿತ್ತು. ಎಲ್ಲರೂ ಒಟ್ಟಿಗೆ ಬಾಯಿ ಹಾಕಿದೆವು. ಡಾಕ್ಟರು ಅಂದೆವು, ದೇವರು ಅಂದೆವು. ಅವಳು ತಲೆ ಎತ್ತಲಿಲ್ಲ. ವಕೀಲರ ಹೆಂಡತಿ ಧೂಳಿನಲ್ಲೇ ಅವಳೆದುರು ಕೂತರು.

"ತಪ್ಪು ನಂದು ತಾಯಿ. ಅರಿಶಿನ ಬೇಡ ಅಂದೋಳು ನಾನೇ."

"ನಿಮ್ಗೇನ್ ಗೊತ್ತು ಅಮ್ಮಾರೇ. ನಿಮ್ ಮಕ್ಳು ಮನೇಲಿ ತಣ್ಣಗವ್ರೆ."

ಆಕೆ ಮಗುವಿನ ಏದುಸಿರನ್ನೇ ನೋಡಿದರು. ಆಮೇಲೆ ಹೇಳಿದರು: "ಒಬ್ಬ ಇದ್ದ. ಹೀಗೇ ಕಫ ಕಟ್ಟಿತ್ತು. ನಂಗೆ ಆಸ್ಪತ್ರೆ ಅಂದ್ರೆ ಹೆದರಿಕೆ. ಮಡಿಲಲ್ಲಿ ಇಟ್ಕೊಂಡು ಮನೇಲೇ ಕೂತೆ. ಯಾರು ಕೇಳಿದ್ರೂ ಕೊಡಲಿಲ್ಲ."

ಅಷ್ಟು ವರ್ಷ ಜೊತೆಗೆ ಬೀದಿ ಸುತ್ತಿದ ನಮಗೆ ಇದು ಗೊತ್ತಿರಲಿಲ್ಲ.

"ಎಷ್ಟ್ ದೊಡ್ಡೋನಾಗಿದ್ದ?" ಎಂದಳು ಅವಳು.

"ಹೆಸರಿಟ್ಟಿದ್ವಿ. ಅಷ್ಟೆ."

ಅವಳು ಮಗುವನ್ನು ಒಮ್ಮೆ ನೋಡಿ, "ಇಡ್ಕಳಿ, ನನ್ ಕೈಲಿ ಓಡಾಕಾಗಕಿಲ್ಲ," ಎಂದು ಆಕೆಯ ಕೈಗೆ ಕೊಟ್ಟಳು. ಆ ವಯಸ್ಸಿನಲ್ಲಿ ಆಕೆ ಆಸ್ಪತ್ರೆಯವರೆಗೆ ಹಾಗೆ ಓಡಿಯಾರೆಂದು ನಾನು ಎಣಿಸಿರಲಿಲ್ಲ.

ಮಗು ಉಳಿಯಿತು. ಊರಿಗೆ ಹೊರಡುವ ದಿನ ಆ ತಾಯಿ ಗಾಡಿ ಹತ್ತುವ ಮೊದಲು ಅದನ್ನು ವಕೀಲರ ಹೆಂಡತಿಯ ಮಡಿಲಿಗೆ ಹಾಕಿದಳು. ಹಿಂದಕ್ಕೆ ಕೊಡಲು ಆಕೆಗೆ ಬಹಳ ಹೊತ್ತು ಹಿಡಿಯಿತು. ಗಾಡಿಯವನೂ ಅವಸರ ಮಾಡಲಿಲ್ಲ.