ಹನ್ನೆರಡನೆಯ ಡ್ರಮ್ಮು

ಖಾಲಿಯಾದ ಡ್ರಮ್ಮುಗಳು ಹನ್ನೆರಡು, ವಾಪಸು ಲಾರಿ ಹತ್ತಿದ್ದು ಹನ್ನೊಂದು. ಕಂಪನಿ ಬಸ್ಸಿನಲ್ಲಿ ಗಲ್ಫಿನ ಫಿಂಟಾಸ್ ಪಟ್ಟಣದ ಮನೆಗೆ ಮರಳುವಾಗಲೂ, ಅನ್ನಕ್ಕೆ ನೀರಿಡುವಾಗಲೂ ಲೊರೈನಳ ತಲೆಯೊಳಗೆ ಆ ಒಂದು ಡ್ರಮ್ಮು ಉರುಳುತ್ತಲೇ ಇತ್ತು.

"ಖಾಲಿ ಡ್ರಮ್ಮು ತಾನೇ? ಯಾರೋ ನೀರು ತುಂಬಿಸ್ಲಿಕ್ಕೆ ಕೊಂಡೋಗಿರ್ಬೇಕು," ಎಂದ ಗಂಡ ಹೆನ್ರಿ, ಟೀವಿಯಿಂದ ಕಣ್ಣು ತೆಗೆಯದೆ.

"ನನ್ನ ಹೆದರಿಕೆ ಅದೇ."

"ನಿನಗೆ ಹೆದರಿಕೆ ಇಲ್ಲದ ದಿನ ಒಂದು ಹೇಳು, ನೋಡುವ."

ಅವನ ಮಾತು ಸುಳ್ಳಲ್ಲ. ಮೂರು ವರ್ಷದ ಮಗ ಆಲ್ರೊಯ್‌ನನ್ನು ಮಂಗಳೂರಿನ ಕುಲಶೇಖರದಲ್ಲಿ ಅತ್ತೆ ಬೆಟ್ಟಿಬಾಯಿಯ ಕೈಗೆ ಒಪ್ಪಿಸಿ ಬಂದ ಮೇಲೆ ಲೊರೈನ್ ಹೆದರದ ವಸ್ತುವೇ ಇರಲಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡೀತೆಂದು ಫೋನಿನಲ್ಲೇ ಕೂತು ಒಂದು ಕಿಲೋ ದ್ರಾಕ್ಷಿಯನ್ನು ಒಂದೊಂದಾಗಿ ಸೀಳಿಸಿದ್ದಳು. ಬೆಟ್ಟಿಬಾಯಿ ಅದನ್ನು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಹತ್ತು ಜನಕ್ಕೆ ಹೇಳಿ ನಗಿಸಿದ್ದರು.

ಆದರೆ ಮನೆಯಲ್ಲಿ ನಗೆಪಾಟಲಾದ ಈ ಹೆದರಿಕೆಯೇ ಯಾರ್ಡಿನಲ್ಲಿ ಅವಳ ಬಂಡವಾಳ. ಶುಐಬಾ ಬಂದರಿನ ಬದಿಯಲ್ಲಿತ್ತು ಆ ಯಾರ್ಡು. ನಡುಗಡಲಲ್ಲಿ ಹಡಗುಗಳಿಗೆ ಕಚ್ಚಾತೈಲ ತುಂಬಿಸುವ ತೇಲುಬೋಯಾಗಳನ್ನು ರಿಪೇರಿ ಮಾಡುವ ದೋಣಿಗಳಿಗೆ ಡೀಸೆಲ್, ಗೇರ್ ಎಣ್ಣೆ, ಸೋಪು, ಆಸಿಡ್ಡು, ಪಾಚಿ ಕೊಲ್ಲುವ ಪುಡಿ ಎಲ್ಲ ಹೋಗುವುದು ಅಲ್ಲಿಂದಲೇ. ಬಿ.ಎಸ್ಸಿ. ಕೆಮಿಸ್ಟ್ರಿ ಓದಿದ ಲೊರೈನ್ ಅಲ್ಲಿನ ಕೆಮಿಕಲ್ ಸ್ಟೋರಿನ ಲೆಕ್ಕದವಳು. ಯಾವುದರ ಪಕ್ಕ ಯಾವುದು ಕೂರಬಾರದು, ಯಾವುದರ ಅಡಿಗೆ ಟ್ರೇ ಇರಬೇಕು, ಚೆಲ್ಲಿದರೆ ಮೊದಲು ಏನು ಮಾಡಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಒಮ್ಮೆ ಎಣ್ಣೆ ಡ್ರಮ್ಮೊಂದರ ಬಿರಡೆ ಸಡಿಲವಾಗಿದೆಯೆಂದು ದೋಣಿಯನ್ನೇ ನಿಲ್ಲಿಸಿದ್ದಳು. "ಯಲ್ಲಾ ಮೇಡಂ, ಖಲಾಸ್!" ಎಂದು ಈಜಿಪ್ಟಿನ ಕ್ಯಾಪ್ಟನ್, ಬೇಗ ಮುಗಿಸಿ ಬಿಡಿ ಎನ್ನುವಂತೆ ಕೈಬೀಸಿ ಕಿರುಚಿದ. "ಬಿರಡೆ ಬಿಗಿಯಾದ ಮೇಲೆ ಖಲಾಸ್," ಎಂದು ಇವಳು ಸಹಿಯ ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡಳು. ಬಿರಡೆ ಬಿಗಿಯಾಯಿತು.

ಇಂಥವಳೂ ಒಂದು ಕಡೆ ಮಾತ್ರ ಕಣ್ಣು ಮುಚ್ಚಿದ್ದಳು. ಖಾಲಿ ಡ್ರಮ್ಮುಗಳು ತಯಾರಿಸಿದವರಿಗೇ ಹಿಂದಿರುಗಬೇಕೆಂಬುದು ನಿಯಮ. ಆದರೆ ಗಲ್ಫಿನಲ್ಲಿರುವ ನಮ್ಮೂರವರಿಗೆ ಅಗಲ ಬಾಯಿಯ ನೀಲಿ ಡ್ರಮ್ಮೆಂದರೆ ಪ್ರಾಣ. ಹಾಲಿನ ಪುಡಿ, ಟ್ಯಾಂಗು, ಕಂಬಳಿ ಎಲ್ಲ ಅದರಲ್ಲಿ ತುಂಬಿಸಿ ಹಡಗಿನ ಕಾರ್ಗೋದಲ್ಲಿ ಕಳಿಸಬಹುದು. ಊರಿನಲ್ಲಿ ಸಾಮಾನು ಇಳಿಸಿದ ಮೇಲೆ ಡ್ರಮ್ಮು ಬಚ್ಚಲಿಗೋ ಅಕ್ಕಿಗೋ ಆಗುತ್ತದೆ. ಹೀಗಾಗಿ ಸ್ಟೋರ್‌ಕೀಪರ್ ಕೊರಗಪ್ಪ ಸೋಪಿನ ಡ್ರಮ್ಮುಗಳನ್ನು ಉಜ್ಜಿ ತೊಳೆದು ಬೇಕಾದವರಿಗೆ ಕೊಡುತ್ತಿದ್ದರು. ಇಪ್ಪತ್ತು ವರ್ಷದಿಂದ ನಡೆದುಬಂದ ಉಪಕಾರ. ಫೆಬ್ರವರಿಯಲ್ಲಿ ಲೊರೈನಳೂ ಒಂದನ್ನು ಕೇಳಿ ತೆಗೆದುಕೊಂಡು, ಬಿಡಿ ಬಾದಾಮಿ, ಡಬ್ಬದ ಹಾಲಿನ ಪುಡಿ ತುಂಬಿಸಿ ಕಳಿಸಿದ್ದಳು. ಅದು ನಿನ್ನೆ ಮೊನ್ನೆಯಲ್ಲಿ ಕುಲಶೇಖರ ತಲುಪಿರಬೇಕು.

ಬೆಳಿಗ್ಗೆ ಯಾರ್ಡಿಗೆ ಕಾಲಿಟ್ಟವಳೇ ನೇರ ಕೊರಗಪ್ಪನ ಕಪಾಟಿನ ಮುಂದೆ ನಿಂತಳು.

"ಕೊರಗಪ್ಪಣ್ಣ, ಪಾಚಿ ಕೊಲ್ಲುವ ಪುಡಿಯ ಡ್ರಮ್ಮು ಒಂದು ಕಮ್ಮಿ ಉಂಟು."

"ಕಮ್ಮಿ ಆಗ್ಲಿಕ್ಕೆ ಉಂಟಾ ಮೇಡಂ? ನನ್ನ ಹತ್ರ ಪಕ್ಕಾ ಲೆಕ್ಕ ಉಂಟು."

ಹಳೆಯ ಡೈರಿಯೊಂದನ್ನು ಎಳೆದು ತೆಗೆದರು. ಕೊಟ್ಟ ಪ್ರತಿ ಡ್ರಮ್ಮಿನ ಲೇಬಲ್ಲನ್ನು ಬಿಸಿನೀರಲ್ಲಿ ನೆನೆಸಿ, ಹರಿಯದ ಹಾಗೆ ಬಿಡಿಸಿ, ಅಂಟಿಸಿ, ಕೆಳಗೆ ಒಯ್ದವರ ಹೆಸರು ಬರೆದಿದ್ದರು. ಸೋಪು, ಅಹ್ಮದ್ ಬಾವಾ. ಸೋಪು, ಸುಬೈದಾ. ಹಾಳೆ ತಿರುವಿದಾಗ ಕೆಂಪು ಚೌಕದೊಳಗೆ ಸತ್ತ ಮೀನಿನ ಚಿತ್ರ, ಪಾಚಿಪುಡಿಯ ವಿಷದ ಗುರುತು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ: ಲೊರೈನ್ ಮೇಡಂ.

"ಇದನ್ನು ನನಗೆ ಯಾಕೆ ಕೊಟ್ರಿ?"

"ಸೋಪಿನದ್ದೆಲ್ಲ ನೆಗ್ಗಿದ್ದು ಮೇಡಂ. ನಿಮಗಲ್ವಾ, ಒಳ್ಳೆದೇ ಕೊಡುವ ಅಂತ... ಮೂರು ಸಲ ತೊಳ್ದಿದ್ದೇನೆ ಮಾರಾಯ್ರೆ, ಒಂದು ಚೂರು ವಾಸನೆ ಇರ್ಲಿಲ್ಲ."

"ಪ್ಲಾಸ್ಟಿಕ್ಕು ಕುಡ್ದದ್ದು ತೊಳೆದ್ರೆ ಹೋಗುದಿಲ್ಲ ಕೊರಗಪ್ಪಣ್ಣ. ನೀರು ನಿಂತ ಹಾಗೆ ಹಾಗೆ ಹೊರಗೆ ಬಿಡ್ತದೆ."

ಕೊರಗಪ್ಪನ ಮುಖ ಇಳಿಯಿತು. ಅವರನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಕೇಳಿದವಳು ಅವಳೇ, ಲೇಬಲ್ ಎಲ್ಲಿ ಎಂದು ಕೇಳದೇ ಇದ್ದವಳೂ ಅವಳೇ. "ಇವತ್ತಿಂದ ಖಾಲಿಯಾದದ್ದಕ್ಕೆಲ್ಲ ಅಡಿಯಲ್ಲಿ ತೂತು ಕೊರೆಯಿರಿ. ಸೋಪಿನದ್ದಕ್ಕೂ," ಎಂದು ಮೊಬೈಲು ಹಿಡಿದು ಹೊರಗೆ ಬಂದಳು. ನಂಬರು ಒತ್ತುವ ಮುನ್ನ ಬೆರಳು ಒಂದು ಕ್ಷಣ ನಿಂತಿತು. ದ್ರಾಕ್ಷಿಯ ಕತೆಗೆ ಇನ್ನೊಂದು ಸೇರುತ್ತದೆ. ಸೇರಲಿ, ಎಂದುಕೊಂಡು ಅತ್ತೆಯ ನಂಬರು ಒತ್ತಿದಳು.

"ಮಾಂಯ್, ಡ್ರಮ್ಮು ಬಂತಾ?"

"ನಿನ್ನೆಯೇ ಬಂತು ಬಾಯೆ! ಎಂಥಾ ಡ್ರಮ್ಮು! ನಾಳೆ ನಳ್ಳಿಯಲ್ಲಿ ನೀರಿಲ್ಲ ಅಂತ ಬೆಳಿಗ್ಗೆಯೇ ತುಂಬಿಸಿಟ್ಟೆ. ನಿನ್ನ ಮಗ ಮಗ್ಗು ಹಿಡ್ಕೊಂಡು ಅದರ ಬುಡದಲ್ಲೇ ಇದ್ದಾನೆ."

ಲೊರೈನಳಿಗೆ ದೋಣಿ ನಿಲ್ಲಿಸಿದ ದಿನದ ಧ್ವನಿಯೇ ಬಂತು.

"ಅವನನ್ನು ಎತ್ತಿಕೊಳ್ಳಿ ಮಾಂಯ್. ಈಗಲೇ. ಕುಡಿದನಾ?"

"ಇಲ್ಲಪ್ಪ, ಕುಡಿಯುವುದು ಬಾವಿದೇ. ಕಾಲಿಗೆ ಹೊಯ್ಕೊಂಡದ್ದು ಅಷ್ಟೇ. ಇನ್ನೆಂಥದು ನಿನ್ನ ಹೊಸ ಹೆದರಿಕೆ?"

"ಹೆದರಿಕೆ ಅಲ್ಲ, ಗೊತ್ತಿದ್ದೇ ಹೇಳುದು. ಅದು ವಿಷದ ಡ್ರಮ್ಮು. ತಪ್ಪು ನನ್ನದು. ಮೊದಲು ಅವನ ಕೈಕಾಲು ಸೋಪು ಹಾಕಿ ತೊಳೀರಿ, ಬಟ್ಟೆ ಬದಲಿಸಿ, ಡಾಕ್ಟ್ರಿಗೆ ಒಮ್ಮೆ ತೋರಿಸಿ. ಬಿಡಿ ಬಾದಾಮಿ ಬಿಸಾಡಿ. ಡಬ್ಬದ್ದು ಪರವಾಗಿಲ್ಲ, ಹೊರಗೆ ತೊಳೆದು ಇಟ್ಕೊಳ್ಳಿ. ನೀರು ಬಾವಿ ಬದಿಗೆ ಚೆಲ್ಲಬೇಡಿ, ಮೇಲೆ ಹಲಗೆ ಮುಚ್ಚಿಡಿ. ಎಲ್ಲಿಗೆ ಕಳಿಸುದು ಅಂತ ಕೇಳಿ ನಾನೇ ಹೇಳ್ತೇನೆ. ಮತ್ತೆ ಇನ್ನೊಬ್ಬರು ಕೊಂಡೋಗದ ಹಾಗೆ ಬಾಯಿಯ ಅಂಚು ಬರ್ನಾರ್ಡನ ಹತ್ರ ಕತ್ತರಿಸ್ಲಿಕ್ಕೆ ಹೇಳಿ."

ಬರ್ನಾರ್ಡ್ ಅವಳ ಮೈದುನ. ಈ ಸಲ ಬೆಟ್ಟಿಬಾಯಿ ನಗಲಿಲ್ಲ.

"ಹೊಸ ಡ್ರಮ್ಮಲ್ವಾ ಬಾಯೆ," ಎಂದರು ಮೆಲ್ಲಗೆ. ಮರುಕ್ಷಣವೇ, "ಬರ್ನಾರ್ಡಾ, ಗರಗಸ ತಾ!"

ಆಲ್ರೊಯ್ ಮಗ್ಗಿಗಾಗಿ ಅಳುವುದು ಕೇಳಿಸಿತು, ನಳ್ಳಿ ತಿರುಗಿಸಿದ್ದು ಕೇಳಿಸಿತು. ಲೊರೈನ್ ಫೋನು ಇಡಲಿಲ್ಲ. ಬಿಸಿಲಲ್ಲೇ ನಿಂತಿದ್ದಳು, ಪ್ಲಾಸ್ಟಿಕ್ಕಿನ ಮೇಲೆ ಗರಗಸ ಕರಕರ ಎನ್ನುವವರೆಗೆ.